120 ವರ್ಷದ ಹೆಂಚಿನ ಮಾಡಿನ ಮೇಲೆ ಸೋಲಾರ್ ಹಾಕಬಹುದೇ?

ಪ್ರಶ್ನೆ: ನಮ್ಮದು 120 ವರ್ಷ ಹಳೆಯ ಸಮುದಾಯ ಭವನ. ಕಲ್ಲಿನ ಗೋಡೆ, ಮರದ ಪಕಾಸು, ಹೆಂಚಿನ ಮಾಡು. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲೂ ಇದೆ. ಸಮಿತಿಯ ಅರ್ಧ ಜನ ಸೋಲಾರ್ ಪ್ಯಾನೆಲ್ ಹಾಕಿಸೋಣ ಅನ್ನುತ್ತಾರೆ. ಉಳಿದವರು ಕಟ್ಟಡದ ಮುಖವೇ ಕೆಡುತ್ತದೆ ಅನ್ನುತ್ತಾರೆ. ಮಾಡಿನ ಒಂದು ಇಳಿಜಾರು ಬೀದಿಗೆ ಕಾಣುತ್ತದೆ, ಇನ್ನೊಂದು ಹಿತ್ತಲ ಕಡೆಗಿದೆ. ಸೋಲಾರ್ ಹಾಕುವವರು ಬಂದು ನೋಡಿ ಎರಡೂ ಕಡೆ ಸೇರಿ 40 ಪ್ಯಾನೆಲ್ ಆರಾಮಾಗಿ ಕೂರುತ್ತವೆ ಅಂದರು. ಹೆಂಚಿನ ಬಣ್ಣದ ಪ್ಯಾನೆಲ್ ಕೂಡ ಸಿಗುತ್ತವಂತೆ. ಏನು ಮಾಡೋಣ?

ಉತ್ತರ: ಹಾಕಬಹುದು. ಆದರೆ 40 ಬೇಡ, ಬೀದಿ ಕಡೆ ಬೇಡ, ಮತ್ತು ಈಗಲೇ ಬೇಡ. ಮೊದಲು ಮಾಡನ್ನು ನೋಡಿಸಿ.

ಹಳೆಯ ಕಟ್ಟಡಗಳ ದುರಸ್ತಿಯಲ್ಲೇ ನನ್ನ ಬಹುಪಾಲು ಕೆಲಸ ಕಳೆದಿದೆ. ಸೋಲಾರ್ ಮಾತು ಬಂದಾಗಲೆಲ್ಲ ಜಗಳ ಶುರುವಾಗುವುದು ನೋಟದ ಮೇಲೆಯೇ. ಚೆಂದ ಕಾಣುತ್ತದೋ ಇಲ್ಲವೋ, ಕಪ್ಪೋ ಕೆಂಪೋ, ಬೀದಿಯಿಂದ ಕಂಡರೆ ಏನಾಗುತ್ತದೆ, ಇದರಲ್ಲೇ ತಿಂಗಳುಗಟ್ಟಲೆ ಹೋಗುತ್ತದೆ. ನೋಟ ಮುಖ್ಯವೇ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಕಣ್ಣಿಗೆ ಕೆಟ್ಟದಾಗಿ ಕಾಣುವ ಪ್ಯಾನೆಲನ್ನು ನಾಳೆ ಕೆಳಗಿಳಿಸಬಹುದು, ಅಲ್ವಾ? ಪಕಾಸಿಗೆ, ಅಂದರೆ ಮಾಡನ್ನು ಹೊರುವ ಇಳಿಜಾರು ಮರಕ್ಕೆ, ಹೊಡೆದ ಬೋಲ್ಟಿನ ತೂತಿನಿಂದ ನಾಲ್ಕು ಮಳೆಗಾಲ ನೀರು ಇಳಿದು ಮರ ಕೊಳೆತರೆ ಅದನ್ನು ಯಾರೂ ವಾಪಸ್ ತರಲಾರರು. ನಾನು ಕಂಡ ನಿಜವಾದ ಹಾನಿಯೆಲ್ಲ ಹೀಗೆ ಆದದ್ದು: ತೂತು, ನೀರು, ತಪ್ಪು ಜಾಗದಲ್ಲಿ ಬಿದ್ದ ಭಾರ, ಸಿಕ್ಕ ಕಡೆ ಎಳೆದ ಕೇಬಲ್. ಯಾವುದೂ ಬೀದಿಯಿಂದ ಕಾಣುವುದಿಲ್ಲ.

ಒಂದು ಹಳೆಯ ಶಾಲೆಯ ಕಟ್ಟಡ ನೆನಪಾಗುತ್ತದೆ. ಪ್ಯಾನೆಲುಗಳನ್ನು ಹಿಂದಿನ ಮಾಡಿಗೆ ಹಾಕಿದ್ದರು. ಅನುಮತಿ ಸಿಕ್ಕಿತ್ತು, ಮುಂದಿನಿಂದ ಒಂದೂ ಕಾಣುತ್ತಿರಲಿಲ್ಲ, ಎಲ್ಲರಿಗೂ ಸಮಾಧಾನ. ಆದರೆ ಹಾಕಿದವರು ಹೆಂಚು ಎತ್ತಿ ನೋಡುವ ಗೋಜಿಗೇ ಹೋಗಿರಲಿಲ್ಲ. ಹೆಂಚಿನ ಮೇಲಿಂದಲೇ ಡ್ರಿಲ್ ಮಾಡಿ, ಸುತ್ತ ಸಿಲಿಕೋನ್ ಬಳಿದು ಇಳಿದಿದ್ದರು. ಸಿಲಿಕೋನ್ ಬಿಸಿಲಿಗೆ ಒಣಗಿ ಬಿಟ್ಟುಕೊಂಡಿತು. ನನ್ನನ್ನು ಕರೆದಾಗ ಮೂರು ಪಕಾಸುಗಳಿಗೆ ಸ್ಕ್ರೂ ಡ್ರೈವರ್ ಚುಚ್ಚಿದರೆ ಹಿಡಿಯವರೆಗೆ ಒಳಗೆ ಹೋಗುತ್ತಿತ್ತು. ನೂರು ವರ್ಷ ತಾಳಿದ್ದ ಮರ ಅದು. ಈಗಲೂ ನೆನೆದರೆ ಬೇಜಾರಾಗುತ್ತದೆ.

ಹಾಗಾಗಿ ನಿಮ್ಮ ಸಮಿತಿಯವರು ಮೊದಲು ಒಪ್ಪಿಕೊಳ್ಳಬೇಕಾದ ಮಾತು ಇದು. ಪ್ಯಾನೆಲಿನ ಬಾಳಿಕೆ 25ರಿಂದ 30 ವರ್ಷ. ನಿಮ್ಮ ಕಟ್ಟಡ ಆಗಲೇ 120 ವರ್ಷ ಬದುಕಿದೆ. ಪ್ಯಾನೆಲ್ ಬಂದು ಹೋಗುವ ನೆಂಟ. ಹೊರಟಾಗ ಮನೆ ಮೊದಲಿದ್ದ ಹಾಗೆಯೇ ಇರಬೇಕು. ಪಾರಂಪರಿಕ ಕಟ್ಟಡಗಳ ಕೆಲಸದಲ್ಲಿ ಇದು ಹಳೆಯ ನಿಯಮವೇ. ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ಅಂತರರಾಷ್ಟ್ರೀಯ ತಜ್ಞರು ರೂಪಿಸಿದ 1964ರ ವೆನಿಸ್ ಸನ್ನದು, ಹೊಸದಾಗಿ ಸೇರಿಸಿದ್ದು ಹಳೆಯದರ ಅಂದವನ್ನು, ಸಮತೋಲವನ್ನು ಕೆಡಿಸಬಾರದು ಎಂದಿತು. 1979ರಲ್ಲಿ ಆಸ್ಟ್ರೇಲಿಯಾದವರು ರೂಪಿಸಿದ ಬರ್ರಾ ಸನ್ನದಿನ ಸಾರ ಇನ್ನೂ ಸರಳ: ಎಷ್ಟು ಬೇಕೋ ಅಷ್ಟೇ ಬದಲಿಸಿ, ಸಾಧ್ಯವಾದಷ್ಟು ಕಡಿಮೆ ಬದಲಿಸಿ. ಇವು ಸೋಲಾರನ್ನು ಮನಸ್ಸಿನಲ್ಲಿಟ್ಟು ಬರೆದವಲ್ಲ. ಆದರೂ ನಿಮ್ಮ ಪ್ರಶ್ನೆಗೆ ಉತ್ತರದ ಅರ್ಧ ಅಲ್ಲೇ ಇದೆ.

ಈಗ 40ರ ಲೆಕ್ಕಕ್ಕೆ ಬರೋಣ. 40 ಕೂರುತ್ತವೆ ಅನ್ನುವುದು ಮಾಡಿನ ಅಳತೆ. ನಿಮಗೆ ಎಷ್ಟು ಬೇಕು ಅನ್ನುವುದನ್ನು ಹೇಳಬೇಕಾದದ್ದು ಕರೆಂಟ್ ಬಿಲ್. ಕಳೆದ 12 ತಿಂಗಳ ಬಿಲ್ ಮುಂದಿಟ್ಟುಕೊಂಡು, ಯಾವ ತಿಂಗಳು ಎಷ್ಟು ಯೂನಿಟ್, ಅದರಲ್ಲಿ ಹಗಲಿನದು ಎಷ್ಟು, ಸಂಜೆ ಮೇಲಿನದು ಎಷ್ಟು ಅಂತ ಬರೆದುಕೊಳ್ಳಿ. ಸಮುದಾಯ ಭವನಗಳಲ್ಲಿ ಕಾರ್ಯಕ್ರಮ ಬಹುಪಾಲು ಸಂಜೆಯೇ ಇರುತ್ತದೆ, ಪ್ಯಾನೆಲ್ ಕರೆಂಟ್ ಕೊಡುವುದು ಹಗಲು. ಉಳಿದ ಕರೆಂಟನ್ನು ಗ್ರಿಡ್ಡಿಗೆ ಕೊಟ್ಟರೆ ಏನು ಸಿಗುತ್ತದೆ ಅನ್ನುವುದು ನಿಮ್ಮ ವಿದ್ಯುತ್ ಕಂಪನಿಯ ನಿಯಮದ ಮೇಲೆ ನಿಂತಿದೆ, ಅದನ್ನು ಬರವಣಿಗೆಯಲ್ಲೇ ಕೇಳಿ. ಇದರ ಜೊತೆಗೆ, ಹಳೆಯ ಟ್ಯೂಬ್‌ಲೈಟು ಬಲ್ಬು ಇನ್ನೂ ಇದ್ದರೆ ಮೊದಲು ಎಲ್‌ಇಡಿ ಹಾಕಿಸಿ. ಹಳೇ ಫ್ಯಾನ್ ಬದಲಿಸಿ. ಉಳಿಸಿದ ಪ್ರತಿ ಯೂನಿಟ್ಟೂ ಮಾಡಿನ ಮೇಲೆ ಏರಬೇಕಾದ ಪ್ಯಾನೆಲುಗಳ ಸಂಖ್ಯೆಯನ್ನು ಇಳಿಸುತ್ತದೆ. 40 ಅಂದುಕೊಂಡದ್ದು ಈ ಲೆಕ್ಕದ ನಂತರ 14, 16ಕ್ಕೆ ಬಂದು ನಿಂತರೆ ಹಿತ್ತಲ ಮಾಡೊಂದೇ ಸಾಕಾಗುತ್ತದೆ. ಆಗ ಸಮಿತಿಯ ಜಗಳ ಅರ್ಧಕ್ಕರ್ಧ ತಾನಾಗೇ ಕರಗುತ್ತದೆ.

ಹಿತ್ತಲ ಮಾಡಿಗೆ ಬಿಸಿಲು ಹೇಗಿದೆ ಅಂತ ನೀವು ಬರೆದಿಲ್ಲ. ಭೂಮಧ್ಯರೇಖೆಯ ಕಡೆಗೆ ಮುಖ ಮಾಡಿದ್ದರೆ ಒಳ್ಳೆಯದು, ಅಂದರೆ ಉತ್ತರ ಗೋಳದಲ್ಲಿ ದಕ್ಷಿಣಕ್ಕೆ. ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದರೂ ಗಾಬರಿ ಬೇಡ. ಮಾಡು ತೀರಾ ಕಡಿದಾಗಿಲ್ಲದಿದ್ದರೆ ಸಾಮಾನ್ಯವಾಗಿ 10ರಿಂದ 20 ಪರ್ಸೆಂಟ್ ಕಡಿಮೆ ಬರಬಹುದು ಅಷ್ಟೇ. ಆ ನಷ್ಟವನ್ನು ಬೀದಿ ಮಾಡನ್ನು ಉಳಿಸಿಕೊಂಡದ್ದಕ್ಕೆ ತೆತ್ತ ಬೆಲೆ ಅಂದುಕೊಳ್ಳಿ, ನನ್ನ ಮಟ್ಟಿಗೆ ಅದು ಅಗ್ಗ. ಆದರೆ ಮರದ ನೆರಳು ಬೇರೆ ವಿಷಯ. ಒಂದೇ ಕೊಂಬೆಯ ನೆರಳು ಇಡೀ ಸಾಲಿನ ಕರೆಂಟನ್ನು ಇಳಿಸಬಲ್ಲದು, ಯಾಕೆಂದರೆ ಪ್ಯಾನೆಲುಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಹಳೆಯ ಮರ ಇದ್ದರೆ ದಯವಿಟ್ಟು ಕಡಿಯಬೇಡಿ, ಪ್ಯಾನೆಲ್ ಸರಿಸಿ.

ಇನ್ನು ಭಾರ. ಇಲ್ಲಿ ಜನ ಹೆದರುವುದೇ ಒಂದಕ್ಕೆ, ಹೆದರಬೇಕಾದದ್ದು ಇನ್ನೊಂದಕ್ಕೆ. ಒಂದು ಪ್ಯಾನೆಲ್ ಸುಮಾರು 20ರಿಂದ 22 ಕಿಲೋ ತೂಗುತ್ತದೆ. ಫ್ರೇಮ್ ಎಲ್ಲ ಸೇರಿ ಚದರ ಮೀಟರಿಗೆ 12ರಿಂದ 15 ಕಿಲೋ ಅಂದುಕೊಳ್ಳಿ. ಹೆಂಚಿನ ಮಾಡು ತಾನೇ ಚದರ ಮೀಟರಿಗೆ 40 ಕಿಲೋ ಆಸುಪಾಸು ಇರುತ್ತದೆ. ಗಟ್ಟಿಮುಟ್ಟಾದ ಮಾಡಿಗೆ ಈ ಹೆಚ್ಚುವರಿ ತೂಕ ದೊಡ್ಡದೇನಲ್ಲ. ಆದರೆ ಹೆಂಚಿನ ತೂಕ ಎಲ್ಲ ಕಡೆ ಸಮನಾಗಿ ಹರಡಿರುತ್ತದೆ. ಪ್ಯಾನೆಲಿನ ತೂಕ ಅದನ್ನು ಹಿಡಿಯುವ ಕೊಕ್ಕೆ ಕೂತ ಕೆಲವೇ ಜಾಗಗಳಲ್ಲಿ ಬೀಳುತ್ತದೆ. ಆ ಜಾಗದ ಪಕಾಸಿಗೆ ಗೆದ್ದಲು ಹತ್ತಿದ್ದರೆ? ಹಿಂದೆ ಯಾವಾಗಲೋ ತುಂಡು ಜೋಡಿಸಿದ್ದರೆ? ಇದಕ್ಕಿಂತ ದೊಡ್ಡದು ಗಾಳಿ. ಜೋರು ಗಾಳಿ ಪ್ಯಾನೆಲಿನ ಅಡಿಗೆ ನುಗ್ಗಿ ಮೇಲಕ್ಕೆ ಎತ್ತುತ್ತದೆ. ಹಳೆಯ ಮಾಡುಗಳನ್ನು ಕಟ್ಟಿದವರು ಕೆಳಗೆ ಬೀಳುವ ಭಾರದ ಲೆಕ್ಕ ಇಟ್ಟುಕೊಂಡು ಕಟ್ಟಿದರು. ಮೇಲಕ್ಕೆ ಎಳೆಯುವ ಬಲಕ್ಕೆ ಅಲ್ಲಿ ಸಿಗುವುದು ಹಳೆಯ ಮೊಳೆ ಮತ್ತು ಮರದ ಹಿಡಿತ ಮಾತ್ರ. ಈ ಎಳೆತ ಮಾಡಿನ ಅಂಚು, ಮೂಲೆ ಮತ್ತು ನೆತ್ತಿಯ ಬಳಿ ಎಲ್ಲಕ್ಕಿಂತ ಜಾಸ್ತಿ. ಅದಕ್ಕೇ ಸೂರಿನಿಂದ, ನೆತ್ತಿಯಿಂದ, ಎರಡು ಪಕ್ಕದಿಂದಲೂ ಜಾಗ ಬಿಟ್ಟು ನಡುವೆ ಕೂರಿಸಬೇಕು. ಹೀಗೆ ಅಂಚು ಬಿಟ್ಟರೆ ಹೆಂಚಿನ ಚೌಕಟ್ಟು ಸುತ್ತಲೂ ಕಾಣುತ್ತದೆ, ಮಾಡು ಇನ್ನೂ ಮಾಡಾಗಿಯೇ ಉಳಿಯುತ್ತದೆ. ಎಂಜಿನಿಯರಿಗೆ ಬೇಕಾದದ್ದೂ ಕಣ್ಣಿಗೆ ಬೇಕಾದದ್ದೂ ಇಲ್ಲಿ ಒಂದೇ ಆಗಿದೆ.

ಆದ್ದರಿಂದ ಮೊದಲ ಕೆಲಸಕ್ಕೆ ಸೋಲಾರಿನವರು ಬೇಡ, ಹಳೆಯ ಮರದ ಕೆಲಸ ಬಲ್ಲ ಬಡಗಿ ಒಬ್ಬರು ಮತ್ತು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಸಾಕು. ಹಿತ್ತಲ ಮಾಡಿನಲ್ಲಿ ನಾಲ್ಕಾರು ಕಡೆ ಹೆಂಚು ಎತ್ತಿಸಿ ನೋಡಿ. ರೀಪು (ಹೆಂಚು ಕೂರುವ ಅಡ್ಡ ಪಟ್ಟಿ), ಪಕಾಸು, ಪಕಾಸು ಗೋಡೆಯ ಮೇಲೆ ಕೂರುವ ಜಾಗ, ಎಲ್ಲವನ್ನೂ. ಗೋಡೆಯ ಮೇಲಿನ ಆ ಕೊನೆಯಲ್ಲೇ ಮರ ಮೊದಲು ಕೊಳೆಯುವುದು, ಅಲ್ಲೇ ಯಾರೂ ನೋಡುವುದಿಲ್ಲ. ಮಾಡಿಗೆ ಇನ್ನು ಐದಾರು ವರ್ಷದಲ್ಲಿ ದುರಸ್ತಿ ಬರುತ್ತದೆ ಅಂತ ಅವರು ಹೇಳಿದರೆ ಸೋಲಾರನ್ನು ಅಲ್ಲಿಯವರೆಗೆ ತಡೆಹಿಡಿಯಿರಿ. ಪ್ಯಾನೆಲ್ ಹಾಕಿದ ಮೇಲೆ ಮಾಡು ಬಿಚ್ಚುವುದು ಎರಡು ಪಟ್ಟು ಕೆಲಸ. ಎರಡನ್ನೂ ಒಟ್ಟಿಗೆ ಮಾಡಿದರೆ ಅಟ್ಟಣಿಗೆ ಕಟ್ಟುವ ಖರ್ಚು ಒಂದೇ ಸಲ, ಕೊಕ್ಕೆಗಳನ್ನು ಕೂಡ ಹೆಂಚು ಇಲ್ಲದಾಗಲೇ ಸರಿಯಾದ ಜಾಗಕ್ಕೆ ಕೂರಿಸಬಹುದು.

ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿರುವ ಕಿಂಗ್ಸ್ ಕಾಲೇಜ್ ಚಾಪೆಲ್ ಎಂಬ ಪ್ರಾರ್ಥನಾ ಮಂದಿರದಲ್ಲಿ ಹೀಗೇ ಮಾಡಿದರು. 1446ರಲ್ಲಿ ಶುರುವಾದ ಕಟ್ಟಡ ಅದು. ಸೀಸದ ಮಾಡನ್ನು ಹೇಗೂ ಹೊಸದು ಮಾಡಬೇಕಿತ್ತು. ಆ ಸಂದರ್ಭ ಬಳಸಿಕೊಂಡು 2023ರಲ್ಲಿ 438 ಪ್ಯಾನೆಲ್ ಹಾಕಿದರು. ಎಲ್ಲರೂ ಒಪ್ಪಿದ್ದರು ಅಂದುಕೊಳ್ಳಬೇಡಿ. ಅಲ್ಲಿನ ಪಾರಂಪರಿಕ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್ ನೋಟಕ್ಕೆ ಧಕ್ಕೆಯಾಗುತ್ತದೆ ಎಂದು ಆಕ್ಷೇಪ ಎತ್ತಿತ್ತು. ಕೊನೆಗೆ ಸ್ಥಳೀಯ ಆಡಳಿತ ಒಪ್ಪಿತು. ಇಂಗ್ಲೆಂಡಿನದೇ ದೊಡ್ಡ ಚರ್ಚ್ ಗ್ಲಾಸ್ಟರ್ ಕ್ಯಾಥೆಡ್ರಲ್‌ನಲ್ಲಿ 2016ರಲ್ಲೇ 150 ಪ್ಯಾನೆಲ್ ಹಾಕಿದ್ದರು. ಅಲ್ಲಿ ಪ್ಯಾರಾಪೆಟ್ ಗೋಡೆ ಅಡ್ಡ ಇರುವುದರಿಂದ ಕೆಳಗೆ ನಿಂತವರಿಗೆ ಕಾಣುವುದಿಲ್ಲ, ಹಾಗಾಗಿ ವಿರೋಧವೂ ಅಷ್ಟಿರಲಿಲ್ಲ. ನಿಮ್ಮ ಹೆಂಚಿನ ಮಾಡಿಗೆ ಆ ಮರೆ ಇಲ್ಲ. ಅದಕ್ಕೇ ನಿಮ್ಮಲ್ಲಿ ಜಾಗದ ಆಯ್ಕೆಯೇ ಎಲ್ಲ.

ಕೂರಿಸುವ ಬಗೆ ಹೇಳುತ್ತೇನೆ, ಇದನ್ನು ಗುತ್ತಿಗೆಯ ಕಾಗದದಲ್ಲೇ ಬರೆಸಿಕೊಳ್ಳಿ. ಹೆಂಚಿಗೆ ತೂತು ಬೀಳಬಾರದು. ಹೆಂಚು ಎತ್ತಿ, ಪಕಾಸಿಗೆ ಸ್ಟೇನ್‌ಲೆಸ್ ಸ್ಟೀಲ್ ಕೊಕ್ಕೆ ಹಾಕಿ, ಕೊಕ್ಕೆಯ ಕತ್ತು ಎರಡು ಹೆಂಚಿನ ನಡುವಿನ ಸಂದಿಯಿಂದ ಹೊರಬರುವ ಹಾಗೆ ಮಾಡಿ ಮತ್ತೆ ಹೆಂಚು ಮುಚ್ಚಬೇಕು. ಕೊಕ್ಕೆಯ ಭಾರ ಕೆಳಗಿನ ಹೆಂಚಿನ ಮೇಲೆ ಬೀಳಬಾರದು, ಬಿದ್ದರೆ ಹೆಂಚು ಒಡೆಯುತ್ತದೆ. ರೀಪಿಗೆ ಹಾಕುತ್ತೇವೆ ಅಂದರೆ ಒಪ್ಪಬೇಡಿ. ರೀಪು ಹೆಂಚು ಹೊರುವುದಕ್ಕೆ ಇರುವುದು, ಗಾಳಿಯ ಎಳೆತ ತಡೆಯುವುದಕ್ಕಲ್ಲ. ಕೊಕ್ಕೆಗಾಗಿ ಯಾವುದಾದರೂ ಹೆಂಚನ್ನು ಕೆತ್ತಲೇಬೇಕಾದರೆ ಹಳೆಯದನ್ನು ತೆಗೆದು ಜೋಪಾನವಾಗಿ ಇಟ್ಟು, ಅದೇ ಅಳತೆಯ ಬೇರೆ ಹೆಂಚನ್ನು ಕೆತ್ತಿಸಿ. ತೆಗೆದಿಟ್ಟ ಹೆಂಚಿನ ಮೇಲೆ ಸೀಮೆಸುಣ್ಣದಿಂದ ಜಾಗದ ನಂಬರ್ ಬರೆದು, ಕಟ್ಟಡದೊಳಗೇ ಒಂದು ಒಣ ಮೂಲೆಯಲ್ಲಿ ಜೋಡಿಸಿಡಿ. 25 ವರ್ಷದ ನಂತರ ಬರುವವರಿಗೆ ಅದು ಬೇಕಾಗುತ್ತದೆ. ಮೊದಲಿನ ಫೋಟೋ, ಕೊಕ್ಕೆ ಹಾಕಿದ ಜಾಗದ ನಕ್ಷೆ, ಇವನ್ನೂ ಕಡತದಲ್ಲಿಡಿ.

ಇದನ್ನು ಓದುತ್ತಿರುವ ಬೇರೆಯವರ ಕಟ್ಟಡಕ್ಕೆ ಸಪಾಟು ಸುಣ್ಣದ ಗಾರೆಯ ತಾರಸಿ ಇದ್ದರೆ ಅಲ್ಲಿ ಬೋಲ್ಟ್ ಹೊಡೆಯಲೇಬಾರದು. ಅಲ್ಲಿ ಭಾರ ಇಟ್ಟು ಕೂರಿಸುವ ಫ್ರೇಮ್ ಬಳಸುತ್ತಾರೆ, ಆದರೆ ಆ ಭಾರ ಪ್ಯಾನೆಲಿಗಿಂತ ಎಷ್ಟೋ ಹೆಚ್ಚು ಆಗಬಹುದು, ಹಾಗಾಗಿ ತೊಲೆಗಳ ಲೆಕ್ಕ ಇಲ್ಲದೆ ಮುಟ್ಟಬೇಡಿ.

ಬೆಂಕಿಯ ಮಾತನ್ನು ಯಾಕೋ ಯಾರೂ ಎತ್ತುವುದಿಲ್ಲ. ಮೇನ್ ಸ್ವಿಚ್ ಆರಿಸಿದರೂ ಬಿಸಿಲು ಇರುವವರೆಗೆ ಪ್ಯಾನೆಲಿನಿಂದ ಬರುವ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಕೇಬಲಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಸಡಿಲವಾದ ಕನೆಕ್ಟರಿನಲ್ಲಿ ಕಿಡಿ ಹುಟ್ಟಿದರೆ ಡಿಸಿ ಕಿಡಿ ತಾನಾಗಿ ಆರುವುದು ಕಷ್ಟ. ಕೆಳಗಿರುವುದು ನೂರು ವರ್ಷ ಒಣಗಿದ ಮರ. ಹಾಗಾಗಿ ಈ ಕೇಬಲನ್ನು ಮಾಡಿನ ಒಳಗಿನ ಅಟ್ಟದಲ್ಲಿ ಎಳೆಯಲು ಬಿಡಬೇಡಿ. ಹೊರಗಿನಿಂದಲೇ, ಲೋಹದ ಪೈಪಿನಲ್ಲಿ, ಹಿತ್ತಲ ಗೋಡೆಯ ಮಳೆನೀರಿನ ಪೈಪಿನ ಪಕ್ಕ ಇಳಿಸಿ. ಅಲ್ಲಿ ಅದು ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ಪೈಪಿನ ಕ್ಲಾಂಪಿಗೆ ತೂತು ಬೇಕಾದರೆ ಕಲ್ಲಿಗೆ ಕೊರೆಯದೆ ಕಲ್ಲುಗಳ ನಡುವಿನ ಗಾರೆಗೆ ಕೊರೆಯಲಿ. ಗಾರೆಯನ್ನು ನಾಳೆ ಮತ್ತೆ ತುಂಬಬಹುದು, ಕಲ್ಲನ್ನು ತುಂಬಲಾಗದು. ತುಂಬುವಾಗ ಸುಣ್ಣದ ಗಾರೆಯೇ ಬೇಕು, ಸಿಮೆಂಟ್ ಬೇಡ. ಈ ಡಿಸಿಯನ್ನು ನಾವು ಬಳಸುವ ಎಸಿ ಕರೆಂಟಿಗೆ ಬದಲಿಸುವ ಇನ್ವರ್ಟರನ್ನು ಮರದ ಗೋಡೆಗೆ, ಅಟ್ಟಕ್ಕೆ ಹಾಕದೆ ಗಾಳಿಯಾಡುವ ಕಲ್ಲಿನ ಗೋಡೆಗೆ ಹಾಕಿಸಿ. ಬೆಂಕಿ ಬಂದಾಗ ಪ್ರತಿ ಪ್ಯಾನೆಲಿನ ವೋಲ್ಟೇಜನ್ನು ಅಲ್ಲಿಯೇ ಇಳಿಸುವ ಉಪಕರಣಗಳು ಸಿಗುತ್ತವೆ, ಮರದ ಮಾಡಿಗೆ ಆ ಖರ್ಚು ಮಾಡಲೇಬೇಕು ಅನ್ನುತ್ತೇನೆ. ಕಟ್ಟಡಕ್ಕೆ ಸಿಡಿಲಿನ ರಕ್ಷಣೆ ಇದ್ದರೆ ಪ್ಯಾನೆಲಿನ ಫ್ರೇಮನ್ನು ಅದರ ಕಂಬಿಗೆ ತಾಗಿಸಿ ಕೂರಿಸುವ ಮುನ್ನ ಬಲ್ಲವರನ್ನು ಕೇಳಿ. ವಿಮೆ ಮಾಡಿದವರಿಗೂ ಮೊದಲೇ ತಿಳಿಸಿ.

ಈಗ ನೋಟ. ಹೆಂಚಿನ ಬಣ್ಣದ ಪ್ಯಾನೆಲ್ ಬಗ್ಗೆ ಕೇಳಿದ್ದೀರಿ. ಸಿಗುತ್ತವೆ, ನಿಜ. ಇಟಲಿಯ ಪಾಂಪೆಯಲ್ಲಿ ಪ್ರಾಚೀನ ರೋಮನ್ ಹೆಂಚಿನ ಹಾಗೆಯೇ ಕಾಣುವ ಸೋಲಾರ್ ಹೆಂಚುಗಳನ್ನು ಬಳಸಿದ್ದಾರೆ. ಆದರೆ ಒಂದು ಸರಳ ಸತ್ಯ ಇದೆ. ನಿಮ್ಮ ಕಣ್ಣಿಗೆ ಕೆಂಪು ಕಂಡಿತು ಅಂದರೆ ಆ ಬೆಳಕು ಕರೆಂಟ್ ಆಗದೆ ವಾಪಸ್ ಬಂದಿದೆ ಅಂತ ಅರ್ಥ. ಬಣ್ಣ ಬೇಕಾದರೆ ಕರೆಂಟ್ ಬಿಟ್ಟುಕೊಡಬೇಕು. ಎಷ್ಟು ಅನ್ನುವುದು ಒಬ್ಬೊಬ್ಬ ತಯಾರಕರದ್ದು ಒಂದೊಂದು ಥರ, ಹಾಗಾಗಿ ಪ್ರಯೋಗಾಲಯದಲ್ಲಿ ಅಳೆದ ವ್ಯಾಟ್ ಲೆಕ್ಕ ಕೇಳಿ. ಹೆಂಚಿನ ರೂಪದವುಗಳಲ್ಲಿ ಅಡಿಗೆ ಗಾಳಿ ಆಡುವುದೂ ಕಡಿಮೆ, ಅದರಿಂದ ಬಿಸಿಯಾಗುತ್ತವೆ. ಸಾಮಾನ್ಯ ಸಿಲಿಕಾನ್ ಪ್ಯಾನೆಲ್ ಒಂದು ಡಿಗ್ರಿ ಬಿಸಿ ಏರಿದರೆ ಸುಮಾರು 0.3ರಿಂದ 0.4 ಪರ್ಸೆಂಟ್ ಕರೆಂಟ್ ಕಳೆದುಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಸೋಲಾರ್ ಹೆಂಚು ಹಾಕಬೇಕಾದರೆ ನಿಮ್ಮ 120 ವರ್ಷದ ಹೆಂಚನ್ನು ತೆಗೆಯಬೇಕು. ಹಳೆಯದರ ಹಾಗೆ ಕಾಣಲಿ ಅಂತ ಹಳೆಯದನ್ನೇ ತೆಗೆಯುವುದು ನನಗೆ ಸರಿ ಅನ್ನಿಸುವುದಿಲ್ಲ. ಮಾಡು ಆಗಲೇ ಬಿದ್ದುಹೋಗಿದ್ದರೆ ಮಾತು ಬೇರೆ.

ವ್ಯಾಟಿಕನ್ ನಗರದಲ್ಲಿ 6ನೇ ಪೌಲ್ ಸಭಾಂಗಣ ಇದೆ, ಇಟಲಿಯ ಎಂಜಿನಿಯರ್ ಪಿಯರ್ ಲುಯಿಜಿ ನೆರ್ವಿ ವಿನ್ಯಾಸ ಮಾಡಿದ್ದು, 1971ರಲ್ಲಿ ಮುಗಿಯಿತು. ಅದರ ಮಾಡಿನ ಮೇಲಿದ್ದ ಕಾಂಕ್ರೀಟ್ ಹಲಗೆಗಳು ಹಾಳಾಗುತ್ತಿದ್ದವು. 2008ರಲ್ಲಿ ಅವುಗಳ ಜಾಗದಲ್ಲಿ ಸುಮಾರು 2,400 ಪ್ಯಾನೆಲ್ ಕೂರಿಸಿದರು. ಹೇಗೂ ಬದಲಿಸಬೇಕಾದದ್ದನ್ನು ಬದಲಿಸಿದರು, ಮಾಡಿನ ಆಕಾರ ಉಳಿಯಿತು. ಪಕ್ಕದಲ್ಲೇ ಇರುವ ಸೇಂಟ್ ಪೀಟರ್ಸ್ ಗುಮ್ಮಟದ ತಂಟೆಗೆ ಹೋಗಲಿಲ್ಲ. ಒಂದೇ ಆವರಣದಲ್ಲಿ ಯಾವುದು ತಾಳಿಕೊಳ್ಳುತ್ತದೆ, ಯಾವುದು ತಾಳಿಕೊಳ್ಳುವುದಿಲ್ಲ ಅಂತ ನೋಡಿ ಆರಿಸುವುದು ಇದೇ. ನಿಮ್ಮ ಆವರಣದಲ್ಲೂ ಆಮೇಲೆ ಕಟ್ಟಿದ ಅಡುಗೆಮನೆ, ಶೆಡ್, ವಾಹನ ನಿಲ್ಲಿಸುವ ಜಾಗ ಏನಾದರೂ ಇದೆಯೇ? ಇದ್ದರೆ ಹಳೆಯ ಮಾಡಿಗಿಂತ ಮೊದಲು ಅದನ್ನು ನೋಡಿ. ನೆಲದ ಮೇಲೂ ಹಾಕಬಹುದು, ಆದರೆ ಪಾರಂಪರಿಕ ಆವರಣದಲ್ಲಿ ಅಗೆಯುವ ಮುನ್ನ ಅದಕ್ಕೂ ಅನುಮತಿ ಬೇಕಾಗಬಹುದು.

ಹಿತ್ತಲ ಮಾಡಿಗೆ ಹಾಕುವುದಾದರೆ ಪೂರ್ತಿ ಕಪ್ಪು, ಹೊಳಪಿಲ್ಲದ, ಫ್ರೇಮೂ ಕಪ್ಪೇ ಇರುವ ಪ್ಯಾನೆಲ್ ಆರಿಸಿ. ಬಿಳಿ ಗೆರೆ, ಬೆಳ್ಳಿ ಅಂಚು ಇರುವವು ದೂರದಿಂದಲೇ ಚೌಕಳಿ ಬಟ್ಟೆಯ ಹಾಗೆ ಎದ್ದು ಕಾಣುತ್ತವೆ. ಎಲ್ಲವೂ ಸೇರಿ ಒಂದೇ ಆಯತ ಆಗಬೇಕು. ಇಲ್ಲೊಂದು ಅಲ್ಲೊಂದು, ಬೆಳಕಿಂಡಿಯ ಸುತ್ತ ಹಲ್ಲು ಹಲ್ಲಾಗಿ ಜೋಡಿಸುವುದು ಬೇಡ, ಅದಕ್ಕಿಂತ ಎರಡು ಪ್ಯಾನೆಲ್ ಕಡಿಮೆ ಇರಲಿ. ಮಾಡಿನ ಇಳಿಜಾರಿಗೆ ಸಮನಾಗಿ ಕೂರಬೇಕು, ಜಾಸ್ತಿ ಬಿಸಿಲು ಸಿಗಲಿ ಅಂತ ಓರೆಯಾಗಿ ಎತ್ತಿ ನಿಲ್ಲಿಸಬಾರದು. ಅಡಿಯಲ್ಲಿ ಗಾಳಿಗೆ ಜಾಗ ಇರಲಿ, ಹೆಂಚೂ ಒಣಗಬೇಕು. ಪಕ್ಕಗಳಿಗೆ ಜಾಲರಿ ಹಾಕಿಸಿ, ಇಲ್ಲದಿದ್ದರೆ ಹಕ್ಕಿ ಗೂಡು, ಒಣ ಎಲೆ ಸೇರಿ ನೀರು ನಿಲ್ಲುತ್ತದೆ. ಅಟ್ಟದಲ್ಲಿ ಬಾವಲಿಗಳಿದ್ದರೆ ಕೆಲಸ ಶುರು ಮಾಡುವ ಮುನ್ನ ನಿಮ್ಮ ಕಡೆಯ ವನ್ಯಜೀವಿ ನಿಯಮ ಕೇಳಿಕೊಳ್ಳಿ.

ಬೇಡ ಅನ್ನುತ್ತಿರುವ ಸದಸ್ಯರನ್ನು ಹೇಗೆ ಒಪ್ಪಿಸುವುದು? ವಾದ ಬೇಡ, ತೋರಿಸಿ. ಪ್ಯಾನೆಲುಗಳು ಕೂರುವ ಅಳತೆಗೆ ಕಪ್ಪು ಬಟ್ಟೆ ಕತ್ತರಿಸಿ ಹಿತ್ತಲ ಮಾಡಿನ ಮೇಲೆ ಒಂದು ದಿನ ಹಾಸಿ ಕಟ್ಟಿ. ಆಮೇಲೆ ಎಲ್ಲರೂ ಒಟ್ಟಿಗೆ ಬೀದಿಯ ಎರಡೂ ತುದಿಯಿಂದ, ಎದುರಿನ ಕಟ್ಟಡದ ಮಹಡಿಯಿಂದ, ಹತ್ತಿರದಲ್ಲಿ ಗುಡ್ಡವಿದ್ದರೆ ಅದರ ಮೇಲಿಂದ ನೋಡಿ ಫೋಟೋ ತೆಗೆಯಿರಿ. ಈ ಫೋಟೋಗಳು ಅನುಮತಿಯ ಅರ್ಜಿಗೂ ಬೇಕಾಗುತ್ತವೆ. ಮತ್ತೆ, ಅವರ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಥವರು ಇರುವುದರಿಂದಲೇ ಇಷ್ಟು ಕಟ್ಟಡಗಳು ಉಳಿದಿವೆ. ಹಾಗೆಯೇ ಸೋಲಾರ್ ಬೇಕು ಅನ್ನುವವರ ಮಾತಿನಲ್ಲೂ ತೂಕ ಇದೆ. ಬಳಕೆಯಲ್ಲಿರುವ ಕಟ್ಟಡ ಉಳಿಯುತ್ತದೆ, ಬೀಗ ಹಾಕಿದ್ದು ಕುಸಿಯುತ್ತದೆ. ಕರೆಂಟ್ ಬಿಲ್ ಇಳಿದು ಆ ದುಡ್ಡು ಮಾಡಿನ ದುರಸ್ತಿಗೆ ಹೋದರೆ ಸೋಲಾರೇ ಕಟ್ಟಡವನ್ನು ಕಾಪಾಡಿದ ಹಾಗಾಯಿತು. ಉಳಿತಾಯದ ಒಂದು ಪಾಲನ್ನು ಮಾಡಿನ ನಿಧಿಗೆ ಇಡುತ್ತೇವೆ ಅಂತ ಸಮಿತಿಯ ಠರಾವಿನಲ್ಲೇ ಬರೆದುಬಿಡಿ. ಎರಡೂ ಗುಂಪಿನವರು ಸಹಿ ಹಾಕಬಹುದಾದ ಠರಾವು ಅದು.

ಅನುಮತಿಯ ದಾರಿ ಒಂದೊಂದು ಕಡೆ ಒಂದೊಂದು ಥರ. ಇತ್ತೀಚೆಗೆ ಕೆಲವು ದೇಶಗಳಲ್ಲಿ ನಿಯಮಗಳು ಸೋಲಾರ್ ಪರವಾಗಿ ತಿರುಗುತ್ತಿವೆ. ಜರ್ಮನಿಯಲ್ಲಿ 2022ರ ತಿದ್ದುಪಡಿಯಿಂದ ನವೀಕರಿಸಬಹುದಾದ ಇಂಧನಕ್ಕೆ ಸಾರ್ವಜನಿಕ ಹಿತದ ದೊಡ್ಡ ತೂಕ ಸಿಕ್ಕಿತು, ಬವೇರಿಯಾದಂಥ ರಾಜ್ಯಗಳು 2023ರಲ್ಲಿ ತಮ್ಮ ಪಾರಂಪರಿಕ ಕಾನೂನನ್ನೂ ಸಡಿಲಿಸಿದವು. ನಿಮ್ಮಲ್ಲಿ ಹೇಗೇ ಇರಲಿ, ಅರ್ಜಿ ಹಾಕುವ ಮುನ್ನವೇ ಸಂಬಂಧಪಟ್ಟ ಅಧಿಕಾರಿಯನ್ನು ಸ್ಥಳಕ್ಕೆ ಕರೆಯಿರಿ. ಎಲ್ಲ ನಿರ್ಧರಿಸಿದ ಮೇಲೆ ಸಹಿಗೆ ಹೋದರೆ ಅವರಿಗೆ ಉಳಿಯುವುದು ಹೂಂ ಅಥವಾ ಊಹೂಂ ಅಷ್ಟೇ. ಮೊದಲೇ ಕರೆದರೆ ಅವರೇ ಒಳ್ಳೆಯ ಜಾಗ ತೋರಿಸಿದ ಉದಾಹರಣೆ ನನ್ನ ಅನುಭವದಲ್ಲಿ ಒಂದೆರಡಲ್ಲ.

ಸದ್ಯಕ್ಕೆ ಬಡಗಿಯನ್ನು ಮಾಡಿಗೆ ಹತ್ತಿಸಿ. ಹೆಂಚು ಎತ್ತಿದಾಗ ಪಕಾಸಿನ ಫೋಟೋ ಹತ್ತಿರದಿಂದ ತೆಗೆಸಿ, ಗೋಡೆಯ ಮೇಲೆ ಕೂರುವ ತುದಿಗಳದ್ದು ಮರೆಯದೆ ತೆಗೆಸಿ. ಪಕಾಸಿನ ದಪ್ಪ, ಎರಡರ ನಡುವಿನ ಅಂತರ, ಗೋಡೆಯಿಂದ ನೆತ್ತಿಯವರೆಗಿನ ಉದ್ದ, ಹಿತ್ತಲ ಮಾಡು ಮುಖ ಮಾಡಿರುವ ದಿಕ್ಕು, 12 ತಿಂಗಳ ಬಿಲ್, ಇಷ್ಟು ಬರೆದು ಕಳಿಸಿ. ಎಷ್ಟು ಪ್ಯಾನೆಲ್, ಎಲ್ಲಿ ಅನ್ನುವುದನ್ನು ಆಗ ನಿಮ್ಮ ಎಂಜಿನಿಯರ್ ಜೊತೆ ಕೂತು ಹೇಳುತ್ತೇನೆ.